ಕಮೊಡೋರ್ 64ಕ್ಕೆ ಮಾಡಿದ ಓಪನ್ ಸೋರ್ಸ್ ಕಾರ್ಟ್ರಿಜ್‌ಗೆ ಈಗ ಕ್ರೌಡ್‌ಫಂಡಿಂಗ್ ಶುರು ಮಾಡಲಾ?

ಈಗಲೇ ಬೇಡ. ಇನ್ನು ಮೂರು ತಿಂಗಳು ತಡೆಯಿರಿ.

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಕಮೊಡೋರ್ 64 ಅನ್ನುವ ಎಂಬತ್ತರ ದಶಕದ ಮನೆ ಕಂಪ್ಯೂಟರಿನ ಪೋರ್ಟಿಗೆ ಸಿಕ್ಕಿಸಿ, ಎಸ್‌ಡಿ ಕಾರ್ಡಿನಿಂದ ಪ್ರೋಗ್ರಾಂ ಲೋಡ್ ಮಾಡುವ ಕಾರ್ಟ್ರಿಜ್ ಮಾಡಿದ್ದೀರಿ. ಕೈಯಲ್ಲೇ ಬೆಸುಗೆ ಹಾಕಿದ ಮೂರು ಬೋರ್ಡ್ ನಿಮ್ಮ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿವೆ. 300 ಜನ ಬೇಕು ಅಂದಿದ್ದಾರೆ, ಅವರಿಂದ ಮುಂಗಡ ಹಣ ಎತ್ತಿ ಮಾಡಿಸಬೇಕು ಅಂತಿದ್ದೀರಿ. ನಾನೂ ಇಂಥದ್ದೇ ಒಂದನ್ನು ಮಾಡಿ ಹಂಚಿದವನು. ಹಂಚಿದ್ದರಲ್ಲಿ ಸುಮಾರು ಅರ್ಧವನ್ನು ವಾಪಸ್ ತರಿಸಿಕೊಂಡವನೂ ಹೌದು. ಅದಕ್ಕೇ ಈ ಉದ್ದದ ಉತ್ತರ.

ಕಮೊಡೋರ್ 64 ಅಂದರೆ ಒಂದೇ ಯಂತ್ರ ಅಲ್ಲ. 1982ರಿಂದ 1994ರವರೆಗೆ ಅದು ತಯಾರಾಗುತ್ತಲೇ ಇತ್ತು, ಒಳಗಿನ ಬೋರ್ಡ್ ಎಷ್ಟೋ ಸಲ ಬದಲಾಯಿತು. ಪಾಲ್ (ಯುರೋಪಿನ ಟಿವಿ ಪದ್ಧತಿಯ) ಯಂತ್ರ 0.985 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿಯ) ಯಂತ್ರ 1.023ರಲ್ಲಿ. ಏನು ಮಹಾ ವ್ಯತ್ಯಾಸ ಅನಿಸಬಹುದು. ಆದರೆ ಪ್ರತಿ ಸೈಕಲ್‌ನಲ್ಲಿ ಅರ್ಧ ಹೊತ್ತು ಬಸ್, ಅಂದರೆ ಚಿಪ್ಪುಗಳೆಲ್ಲ ಹಂಚಿಕೊಳ್ಳುವ ತಂತಿಗಳ ಸಾಲು, ವಿಡಿಯೋ ಚಿಪ್ಪಿನ ಕೈಯಲ್ಲಿರುತ್ತದೆ, ಇನ್ನರ್ಧ ಪ್ರೊಸೆಸರ್ ಕೈಯಲ್ಲಿ. ವಿಳಾಸ ಓದಿ ಉತ್ತರ ಕೊಡಲು ನಿಮ್ಮ ಕಾರ್ಟ್ರಿಜ್‌ಗೆ 500 ನ್ಯಾನೋಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ. ಟೈಮಿಂಗ್ ಅಂಚಿನಲ್ಲಿ ಕೂತಿದ್ದರೆ ನಿಮ್ಮ ಯಂತ್ರದಲ್ಲಿ ಓಡಿದ್ದು ಇನ್ನೊಬ್ಬರಲ್ಲಿ ಸುಮ್ನೆ ಹ್ಯಾಂಗ್ ಆಗುತ್ತದೆ. ಅದರ ಮೇಲೆ ನಲವತ್ತು ವರ್ಷದ ರಿಪೇರಿಗಳು ಬೇರೆ. ಯಾರೋ ಪಿಎಲ್‌ಎ (ಯಾವ ವಿಳಾಸಕ್ಕೆ ಯಾವ ಚಿಪ್ಪು ಉತ್ತರಿಸಬೇಕು ಅಂತ ನಿರ್ಧರಿಸುವ ಚಿಪ್ಪು) ಬದಲಿಸಿರುತ್ತಾರೆ, ಯಾರೋ ರ್‍ಯಾಮ್ ಬದಲಿಸಿರುತ್ತಾರೆ.

ನಾನು ಕೈಸುಟ್ಟುಕೊಂಡದ್ದು ಇಲ್ಲೇ. ನನ್ನ ಬೋರ್ಡಿನಲ್ಲಿ ಮೈಕ್ರೋಕಂಟ್ರೋಲರ್ ಮತ್ತು ಎಸ್‌ಡಿ ಕಾರ್ಡ್ ಎರಡೂ 3.3 ವೋಲ್ಟ್‌ನವು. ಕಂಪ್ಯೂಟರ್ 5 ವೋಲ್ಟ್. ನಡುವೆ ಸಿಗ್ನಲ್ ದಾಟಿಸಲು 74ಎಲ್‌ವಿಸಿ245 ಅನ್ನುವ ಬಫರ್ ಚಿಪ್ಪು ಹಾಕಿದ್ದೆ. ಎಲ್‌ವಿಸಿಗೆ 3.3 ವೋಲ್ಟ್ ಪವರ್ ಕೊಟ್ಟರೂ ಒಳಬರುವ 5 ವೋಲ್ಟ್ ಸಿಗ್ನಲ್ ತಡೆದುಕೊಳ್ಳುತ್ತದೆ. ಬಿಡಿಭಾಗಗಳ ಪಟ್ಟಿಯಲ್ಲಿ, ಅದೇ ಬಿಒಎಂನಲ್ಲಿ, ಆ ಸಾಲಿನ ಮುಂದೆ 'ಅಥವಾ ಸಮಾನವಾದದ್ದು' ಅಂತ ಬರೆದಿದ್ದೆ. ಸ್ಟಾಕ್ ಇಲ್ಲದಿದ್ದರೆ ಕೆಲಸ ನಿಲ್ಲಬಾರದು ಅಂತ ನನ್ನ ಜಾಣತನ.

ಅಸೆಂಬ್ಲಿ ಮಾಡಿದವರು 74ಎಚ್‌ಸಿ245 ಹಾಕಿದರು. ಅದೇ ಗಾತ್ರ, ಅದೇ ಪಿನ್‌ಗಳು, ಅದೇ ಕೆಲಸ. ಹತ್ತು ಬೋರ್ಡ್ ನನ್ನ ಯಂತ್ರದಲ್ಲಿ ಹಾಕಿ ನೋಡಿದೆ, ಎಲ್ಲವೂ ಸರಿ. ಕಳಿಸಿಬಿಟ್ಟೆ.

ಮೂರು ವಾರಕ್ಕೆ ದೂರು ಶುರು. ಎಸ್‌ಡಿ ಕಾರ್ಡ್ ಸಾಯುತ್ತಿದೆ. ಒಬ್ಬರದಲ್ಲ, ಆರು ಜನರದು. ವಾಪಸ್ ಬಂದ ಬೋರ್ಡನ್ನು ಭೂತಗನ್ನಡಿ ಕೆಳಗಿಟ್ಟು ಚಿಪ್ಪಿನ ಮೇಲಿನ ಮಸುಕು ಅಕ್ಷರ ಓದಿದಾಗ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಎಚ್‌ಸಿ ಚಿಪ್ಪಿನ ಪ್ರತಿ ಇನ್‌ಪುಟ್‌ನಿಂದ ಪವರ್ ಲೈನಿಗೆ ಒಂದು ಡಯೋಡ್ ಇರುತ್ತದೆ. 5 ವೋಲ್ಟ್ ಬಂದರೆ ಅದರ ಮೂಲಕ 3.3ರ ಲೈನಿಗೇ ನುಗ್ಗುತ್ತದೆ. ನನ್ನ ಯಂತ್ರದಲ್ಲಿ ಎಲ್ಲ ಹಳೇ ಎನ್‌ಮಾಸ್ ಚಿಪ್ಪುಗಳು, ಅವುಗಳ ಔಟ್‌ಪುಟ್ ಪೂರ್ತಿ 5ರವರೆಗೆ ಏರುವುದೇ ಇಲ್ಲ. ಹಾಗಾಗಿ ನನಗೆ ಏನೂ ಕಾಣಲಿಲ್ಲ. ದೂರು ಕೊಟ್ಟವರ ಯಂತ್ರಗಳಲ್ಲಿ ಹೊಸ ಸಿಮಾಸ್ ಚಿಪ್ಪು ಹಾಕಿದ್ದರು, ಅವು ಸೀದಾ 5ಕ್ಕೆ ಏರುತ್ತವೆ. ಅಂಥದ್ದೊಂದು ಯಂತ್ರ ತರಿಸಿ ಮೀಟರ್ ಹಿಡಿದೆ. 3.3 ಇರಬೇಕಾದಲ್ಲಿ 3.9. ಎಸ್‌ಡಿ ಕಾರ್ಡಿನ ಮಿತಿ 3.6.

ತಪ್ಪು ಅವರದ್ದಲ್ಲ. ಪಟ್ಟಿಯಲ್ಲಿ ಹಾಗೆ ಬರೆದವನು ನಾನು. ಈಗ ನನ್ನ ಬಿಒಎಂನಲ್ಲಿ ಪ್ರತಿ ಚಿಪ್ಪಿಗೂ ಪೂರ್ತಿ ಪಾರ್ಟ್ ನಂಬರ್ ಇರುತ್ತದೆ, ಬದಲಿ ಇದ್ದರೆ ಅದರದ್ದೂ ಪೂರ್ತಿ ನಂಬರ್. ಜೊತೆಗೆ 'ಕೇಳದೆ ಬದಲಿಸಬೇಡಿ' ಅಂತ ಒಂದು ಸಾಲು.

ಆದ್ದರಿಂದ ಈ ಮೂರು ತಿಂಗಳಲ್ಲಿ ಹತ್ತು ಬೋರ್ಡ್ ಮಾತ್ರ ಮಾಡಿಸಿ. ಅವನ್ನೂ ಕೈಯಲ್ಲಿ ಬೆಸೆಯಬೇಡಿ, ಮುಂದೆ 300 ಮಾಡಿಸಲಿರುವ ಕಡೆಯೇ ಮಾಡಿಸಿ. ಗರ್ಬರ್ ಫೈಲ್ (ಬೋರ್ಡಿನ ನಕ್ಷೆ), ಬಿಒಎಂ, ಪಾರ್ಟ್ ಕೂರಿಸುವ ಫೈಲ್ ಎಲ್ಲ ಆಗಲೇ ಪರೀಕ್ಷೆಗೆ ಬೀಳುತ್ತವೆ. ಆಮೇಲೆ ಪರಿಚಯವೇ ಇಲ್ಲದ ಹತ್ತು ಜನರಿಗೆ, ಬೇರೆಬೇರೆ ಬೋರ್ಡ್ ಇರುವವರಿಗೆ ಕಳಿಸಿ. ಸ್ನೇಹಿತರು ಬೇಡ, ಅವರು 'ಸೂಪರ್' ಅಂದು ಸುಮ್ಮನಾಗುತ್ತಾರೆ.

ಕಾರ್ಟ್ರಿಜ್ ಪೋರ್ಟಿಗೆ ಹೋಗುವ ಅಂಚನ್ನು ಮರೆಯಬೇಡಿ. ಬೋರ್ಡ್ 1.6 ಮಿಲಿಮೀಟರ್ ದಪ್ಪ ಇರಲಿ. ಅಂಚನ್ನು ಓರೆಯಾಗಿ ಕತ್ತರಿಸಲು ಹೇಳಿ, ಇಲ್ಲದಿದ್ದರೆ ಹಳೇ ಕನೆಕ್ಟರ್‌ನ ಸ್ಪ್ರಿಂಗ್‌ಗಳನ್ನು ಅದು ಕೆರೆಯುತ್ತದೆ. ಆ ಅಂಚಿಗೆ ಎನಿಗ್ ಸಾಲದು, ಅದು ತೆಳು ಚಿನ್ನದ ಲೇಪ. ಪದೇ ಪದೇ ಹಾಕಿ ತೆಗೆಯುವ ಕಾರ್ಟ್ರಿಜ್‌ಗೆ ಹಾರ್ಡ್ ಗೋಲ್ಡ್, ಅಂದರೆ ಗಟ್ಟಿ ಚಿನ್ನದ ಲೇಪ ಬೇಕು. ಖರ್ಚು ಜಾಸ್ತಿ, ಆದರೆ ಲೇಪ ಹತ್ತು ಪಟ್ಟಿಗೂ ಹೆಚ್ಚು ದಪ್ಪ.

ಟೆಸ್ಟಿಂಗ್‌ಗೆ ಹೊತ್ತು ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀರಾ? ಒಂದಕ್ಕೆ ಮೂರು ನಿಮಿಷ ಅಂದರೂ 300ಕ್ಕೆ 15 ಗಂಟೆ. ಅಷ್ಟು ಸಲ ಒಂದೇ ಯಂತ್ರಕ್ಕೆ ತುರುಕಿದರೆ ಅದರ ಕನೆಕ್ಟರ್ ಸವೆದು ಹೋಗುತ್ತದೆ. ನಡುವೆ ಒಂದು ಎಕ್ಸ್‌ಟೆಂಡರ್ (ಪೋರ್ಟನ್ನು ಹೊರಕ್ಕೆ ಚಾಚುವ ಬೋರ್ಡ್) ಹಾಕಿ, ಸವೆದಾಗ ಅದನ್ನು ಬದಲಿಸಿ.

ಇನ್ನೊಂದು ಮಾತು. ಹಳೇ ಕಮೊಡೋರ್ ಪವರ್ ಸಪ್ಲೈ ಕೆಟ್ಟರೆ 5 ವೋಲ್ಟ್ ಲೈನ್ ಮೇಲೇರುತ್ತದೆ, ರ್‍ಯಾಮ್ ಸುಟ್ಟುಹೋಗುತ್ತದೆ. ಆ ದಿನ ಪೋರ್ಟಿನಲ್ಲಿ ನಿಮ್ಮ ಕಾರ್ಟ್ರಿಜ್ ಇದ್ದರೆ ಬೈಗುಳ ಯಾರಿಗೆ? ನಿಮಗೇ ಅಲ್ವಾ! ಕೈಪಿಡಿಯ ಮೊದಲ ಪುಟದಲ್ಲೇ ಎಚ್ಚರಿಕೆ ಹಾಕಿ.

ದುಡ್ಡಿನ ವಿಷಯ ಚಿಕ್ಕದಾಗಿ. ಕ್ರೌಡ್‌ಫಂಡಿಂಗ್ ತಾಣವಾದ ಕಿಕ್‌ಸ್ಟಾರ್ಟರ್ 5% ಇಟ್ಟುಕೊಳ್ಳುತ್ತದೆ, ಪಾವತಿಯ ಶುಲ್ಕ ಬೇರೆ. ಬದಲಿ ಕಳಿಸಲು 10% ಬೋರ್ಡ್ ಹೆಚ್ಚಿಗೆ ಮಾಡಿಸಿ. 'ಇಷ್ಟು ಹಣ ಬಂದರೆ ವೈಫೈ ಕೂಡ' ಅನ್ನುವ ಆಸೆ ತೋರಿಸಬೇಡಿ, ಅದು ಹೊಸ ಪ್ರಾಜೆಕ್ಟ್. ಹಳೇ ಸ್ಪೆಕ್ಟ್ರಮ್ ಕಂಪ್ಯೂಟರಿನ ಹೊಸ ರೂಪವಾದ ಝಡ್‌ಎಕ್ಸ್ ಸ್ಪೆಕ್ಟ್ರಮ್ ನೆಕ್ಸ್ಟ್‌ಗೆ 2017ರಲ್ಲಿ ಜನ ದುಡ್ಡು ಕೊಟ್ಟರು, ಯಂತ್ರ ಕೈಗೆ ಬಂದದ್ದು 2020ರಲ್ಲಿ. ಅನುಭವಿ ತಂಡಕ್ಕೇ ಹಾಗಾಯಿತು.

ಯಾರಾದರೂ ನಕಲು ಮಾಡಿ ಮಾರಿದರೆ ಅಂತಲೂ ಕೇಳಿದ್ದೀರಿ. ಮಾರುತ್ತಾರೆ. ಓಪನ್ ಸೋರ್ಸ್ ಅಂದ ಮೇಲೆ ಅದಕ್ಕೆ ಒಪ್ಪಿಗೆ ಕೊಟ್ಟ ಹಾಗೆಯೇ. ಅವರ ಬದಲಾವಣೆಗಳೂ ಬಹಿರಂಗವಾಗಲಿ ಅಂತಿದ್ದರೆ 2020ರಲ್ಲಿ ಬಂದ ಸರ್ನ್ ಓಎಚ್‌ಎಲ್ ಅನ್ನುವ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೇ ಆವೃತ್ತಿಯ 'ಎಸ್' ಬಗೆಯನ್ನು ಆರಿಸಿಕೊಳ್ಳಿ. ಹೆಸರು ಮತ್ತು ಲೋಗೋ ಮಾತ್ರ ನಿಮ್ಮದೇ ಇರಲಿ. ಕಾರ್ಡಿನಲ್ಲಿ ಬೇರೆಯವರ ಗೇಮ್ ತುಂಬಿ ಕಳಿಸಬೇಡಿ.

ಸಾಧ್ಯವಾದರೆ ನಿಮ್ಮ ಬಿಒಎಂ ಇಲ್ಲೇ ಹಾಕಿ. ಬಿಡುವಾದಾಗ ನೋಡುತ್ತೇನೆ, ಮೊದಲು 245 ಇರುವ ಸಾಲನ್ನು.