ದುಡ್ಡು ಕೊಟ್ಟವರು ಅಂಜಿಕೊಂಡು ಇರಬೇಕೆ? – ಸಂಪಾದಕರ ಉತ್ತರ

ಮಾನ್ಯರೇ,

ಸಿಂಧನೂರಿನಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದೀರಿ, ಹಾಕಿಲ್ಲ. ಪತ್ರ ದೀರ್ಘವಾಗಿರುವುದರಿಂದ ಅದರ ಸಾರವನ್ನಷ್ಟೇ ಓದುಗರ ಮುಂದಿಡುತ್ತೇನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಿಮ್ಮ ಮಗ ತನಗೆ ಬಡ್ತಿ ಸಿಕ್ಕ ಸಂತೋಷಕ್ಕೆ ನಿಮ್ಮನ್ನೂ, ನಿಮ್ಮ ಪತ್ನಿಯನ್ನೂ, ಎಂಬತ್ತು ದಾಟಿದ ನಿಮ್ಮ ತಾಯಿಯನ್ನೂ ಕರೆಸಿಕೊಂಡು ನಗರದ ನಡುವಿನ ಐಷಾರಾಮಿ ಹೋಟೆಲೊಂದರ ಹತ್ತೊಂಬತ್ತನೇ ಮಹಡಿಯಲ್ಲಿ ಎರಡು ರಾತ್ರಿ ಇರಿಸಿದ. ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಆರಕ್ಕೆ ಅಲ್ಲಿಗೆ ಹೋದರೆ, ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ ಎಂದರು. ತಾಯಿಯ ರೊಟ್ಟಿ ಗಂಟನ್ನು ಯಂತ್ರದೊಳಗೆ ಹಾಯಿಸಿದರು. ಮಗ ಕೋಣೆಯ ಹಣವನ್ನು ಪೂರ್ತಿ ಕಟ್ಟಿದ್ದರೂ ನಿಮ್ಮ ಡೆಬಿಟ್ ಕಾರ್ಡಿನಿಂದ ಹತ್ತು ಸಾವಿರ ರೂಪಾಯಿ ಹಿಡಿದರು, ಊರಿಗೆ ಮರಳಿದ ಮೇಲೂ ಅದು ಖಾತೆಗೆ ಬಂದಿರಲಿಲ್ಲ. ಲಿಫ್ಟಿನಲ್ಲಿ ಎಷ್ಟು ಸಲ ಗುಂಡಿ ಒತ್ತಿದರೂ ಅದು ಅಲುಗಲಿಲ್ಲ, ಹಿಂದೆ ನಿಂತವರು ನಕ್ಕರು. ಕಿಟಕಿ ತೆರೆಯಲು ಬರಲಿಲ್ಲ, ತಾಯಿ ಉಸಿರು ಕಟ್ಟಿದಂತಾಗಿ ರಾತ್ರಿಯೆಲ್ಲ ಎದ್ದು ಕೂತರು. ಫ್ರಿಜ್ಜಿನ ಮೇಲಿದ್ದ ಗೋಡಂಬಿ ಪೊಟ್ಟಣ, ಊಟದ ಮೇಲೆ ಸೇವಾ ಶುಲ್ಕ, ಎಲ್ಲಕ್ಕೂ ತೆರಿಗೆ ಸೇರಿ ಬಿಲ್ಲು ಬಂತು. ಕಡೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ: ‘ಅಷ್ಟು ದುಡ್ಡು ಕೊಟ್ಟೂ ಅಂಜಿಕೊಂಡು ಇರಬೇಕೇನು, ಇದು ನಮ್ಮ ತಿಳಿವಳಿಕೆಯ ಕೊರತೆಯೋ ಅವರ ಸೊಕ್ಕೋ?’ ಮತ್ತು, ‘ಹೋಟೆಲಿನ ಹೆಸರು ಹಾಕಿ ಇದನ್ನು ಪ್ರಕಟಿಸುತ್ತೀರಾ?’

ಮೊದಲನೆಯ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಅಂಜಬೇಕಾಗಿಲ್ಲ. ನೀವು ಬರೆದ ಕಷ್ಟಗಳಲ್ಲಿ ಬಹುಪಾಲಿಗೆ ಕಾರಣವಿದೆ, ಕೆಲವಕ್ಕೆ ಒಳ್ಳೆಯ ಕಾರಣವೇ ಇದೆ. ಆದರೆ ಆ ಕಾರಣಗಳನ್ನು ಎರಡು ದಿನಗಳಲ್ಲಿ ನಿಮಗೆ ಯಾರೂ ಹೇಳಲಿಲ್ಲ, ಕೇಳಲು ನೀವು ಹಿಂಜರಿದಿರಿ. ಇಂಥ ಹೋಟೆಲುಗಳ ವ್ಯವಸ್ಥೆಯೆಲ್ಲ ಮೊದಲೇ ಹತ್ತು ಕಡೆ ತಂಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿರುತ್ತದೆ. ಮೊದಲ ಸಲ ಬಂದವರಿಗೆ ಅದನ್ನು ತಿಳಿಸಿಕೊಡುವುದು ಕೋಣೆಯ ಬಾಡಿಗೆಯಲ್ಲೇ ಸೇರಿದ ಕೆಲಸವೆಂದು ನಾನು ನಂಬಿದ್ದೇನೆ, ಹಾಗೆ ನಂಬಿಯೇ ನಿಮ್ಮ ಒಂದೊಂದು ದೂರನ್ನೂ ತೂಗಿ ನೋಡಿದ್ದೇನೆ.

ಬೆಳಗಿನ ಆರು ಗಂಟೆಯ ವಿಷಯ ನಮ್ಮ ಭಾಗದವರಿಗೆಲ್ಲ ಸಂಬಂಧಿಸಿದ್ದು. ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೂ, ರಾಯಚೂರು, ಸಿಂಧನೂರು, ಗಂಗಾವತಿಯವರು ರಾತ್ರಿ ಬಸ್ಸು ಹಿಡಿದರೂ ಬೆಂಗಳೂರಿನಲ್ಲಿ ಇಳಿಯುವುದು ನಸುಕಿಗೆ. ದೊಡ್ಡ ಹೋಟೆಲಿನ ದಿನ ಮಧ್ಯಾಹ್ನದಿಂದ ಶುರುವಾಗುತ್ತದೆ: ಹಿಂದಿನ ಅತಿಥಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬಿಟ್ಟ ಮೇಲೆ ಕೋಣೆ ಸ್ವಚ್ಛಗೊಳಿಸಿ, ಹೊದಿಕೆ ಬದಲಿಸಿ, ಎರಡು ಇಲ್ಲವೇ ಮೂರು ಗಂಟೆಗೆ ಮುಂದಿನವರಿಗೆ ಕೊಡುತ್ತಾರೆ. ಆ ನಿಯಮವನ್ನು ತಪ್ಪೆನ್ನಲಾರೆ. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಎಂಬತ್ತು ವರ್ಷದ ಹೆಂಗಸನ್ನು ಎಂಟು ಗಂಟೆ ಹೊತ್ತು ಸೋಫಾದ ಮೇಲೆ ಕೂರಿಸಿದ್ದು ತಪ್ಪು. ಖಾಲಿಯಿದ್ದ ಒಂದು ಕೋಣೆಯನ್ನು ಬೇಗ ಕೊಡಬಹುದಿತ್ತು. ಅದಿಲ್ಲದಿದ್ದರೆ ಇಂಥ ಕಡೆ ವ್ಯಾಯಾಮಶಾಲೆಯ ಮತ್ತು ಈಜುಕೊಳದ ಪಕ್ಕದಲ್ಲಿ ಸ್ನಾನದ ವ್ಯವಸ್ಥೆ ಇದ್ದೇ ಇರುತ್ತದೆ, ಅಲ್ಲಿ ಕೈಕಾಲು ಮುಖ ತೊಳೆದುಕೊಳ್ಳಲು ಕಳಿಸಬಹುದಿತ್ತು. ಮುಂದೆ ಹೋಗುವವರು ಕಾದಿರಿಸುವಾಗಲೇ, ನಾವು ಬೆಳಗಿನ ಆರಕ್ಕೆ ಬರುತ್ತೇವೆ, ಏನು ವ್ಯವಸ್ಥೆ ಮಾಡುತ್ತೀರಿ, ಹೆಚ್ಚಿನ ಹಣ ಎಷ್ಟು ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಲಿ.

ಒಳಗೆ ಕಾಲಿಟ್ಟ ಕೂಡಲೇ ಕತ್ತೆತ್ತಿ ನೋಡಿ ದಿಗಿಲಾಯಿತೆಂದು ಬರೆದಿದ್ದೀರಿ. ಆ ನಡುಮನೆ ನೋಡಿದವರು ಬೆರಗಾಗಲೆಂದೇ ಹಾಗೆ ಕಟ್ಟಿರುವುದು. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾನ್ ಪೋರ್ಟ್‌ಮನ್ ಎಂಬ ವಾಸ್ತುಶಿಲ್ಪಿ 1967ರಲ್ಲಿ ಒಂದು ಹೋಟೆಲಿನ ಮಧ್ಯವನ್ನು ಇಪ್ಪತ್ತೆರಡು ಅಂತಸ್ತಿನಷ್ಟು ಎತ್ತರಕ್ಕೆ ಖಾಲಿ ಬಿಟ್ಟು, ಗಾಜಿನ ಲಿಫ್ಟುಗಳನ್ನು ಅದರೊಳಗೆ ಓಡಾಡಿಸಿದ. ಆಮೇಲೆ ಜಗತ್ತಿನ ನಗರಗಳೆಲ್ಲ ಆ ಮಾದರಿಯನ್ನು ಅನುಸರಿಸಿದವು. ರೊಟ್ಟಿ ಗಂಟನ್ನು ಯಂತ್ರದಲ್ಲಿ ಹಾಯಿಸಿದ್ದಕ್ಕೆ ನಿಮ್ಮ ತಾಯಿ ನೊಂದುಕೊಂಡದ್ದು ಸಹಜ, ಆದರೆ ಅದು ಅವರೊಬ್ಬರ ಮೇಲಿನ ಅನುಮಾನವಲ್ಲ. ಮುಂಬೈಯ ತಾಜ್ ಮತ್ತು ಒಬೆರಾಯ್-ಟ್ರೈಡೆಂಟ್ ಹೋಟೆಲುಗಳ ಮೇಲೆ 2008ರ ನವೆಂಬರ್ 26ರಂದು ಉಗ್ರರ ದಾಳಿ ನಡೆದ ಮೇಲೆ ದೇಶದ ದೊಡ್ಡ ಹೋಟೆಲುಗಳಲ್ಲೆಲ್ಲ ಚೀಲ ಮತ್ತು ಕಾರುಗಳ ತಪಾಸಣೆ ಬಿಗಿಯಾಯಿತು, ಮಂತ್ರಿಯ ಚೀಲಕ್ಕೂ ಅದೇ ಯಂತ್ರ. ಲಿಫ್ಟ್ ಅಲುಗದಿದ್ದುದರ ಹಿಂದೆಯೂ ಭದ್ರತೆಯ ಕಾರಣವೇ ಇದೆ. ಕೋಣೆಯ ಕಾರ್ಡನ್ನು ಗುಂಡಿಗಳ ಫಲಕಕ್ಕೆ ತಾಗಿಸಿದರೆ ಮಾತ್ರ, ಅದೂ ನಿಮ್ಮ ಮಹಡಿಯ ಗುಂಡಿ ಮಾತ್ರ ಹತ್ತಿಕೊಳ್ಳುತ್ತದೆ. ಬೇರೆಯವರು ನಿಮ್ಮ ಬಾಗಿಲಿಗೆ ಬರಬಾರದೆಂಬುದು ಉದ್ದೇಶ. ಕಾರ್ಡನ್ನು ಕೈಗೆ ಕೊಟ್ಟವರು ಒಂದೇ ಮಾತಿನಲ್ಲಿ ಇದನ್ನು ಹೇಳಿದ್ದರೆ ಹಿಂದೆ ನಿಂತವರು ನಗುವ ಸಂದರ್ಭ ಬರುತ್ತಿರಲಿಲ್ಲ. ಮೇಲೇರುವಾಗ ತಾಯಿಯ ಕಿವಿ ಗವ್ ಎಂದದ್ದು ಎತ್ತರಕ್ಕೆ ಬೇಗ ಏರಿದಾಗ ಗಾಳಿಯ ಒತ್ತಡ ಇಳಿಯುವುದರಿಂದ. ಉಗುಳು ನುಂಗಿದರೆ ಸರಿಹೋಗುತ್ತದೆ.

ಕಿಟಕಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿ ಬೆಳೆದವರಿಗೆ ಮುಚ್ಚಿದ ಗಾಜಿನ ಕೋಣೆ ಜೈಲಿನಂತೆ ಕಾಣುವುದು ಸುಳ್ಳಲ್ಲ. ಆದರೂ ಆ ಕಿಟಕಿಯನ್ನು ತೆರೆಯಲು ಬಾರದಂತೆ ಕೂರಿಸಿದ್ದು ಸರಿಯೇ. ನೆಲದ ಮೇಲಿಗಿಂತ ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು. ಅಲ್ಲಿ ಒಂದು ಕಿಟಕಿ ಪೂರ್ತಿ ತೆರೆದರೆ ಬಾಗಿಲುಗಳು ಬಡಿದುಕೊಳ್ಳುತ್ತವೆ, ಲಿಫ್ಟ್ ಓಡಾಡುವ ಟೊಳ್ಳಾದ ಬಾವಿ ಮತ್ತು ಮೆಟ್ಟಿಲುಗಳ ಮೂಲಕ ಇಡೀ ಕಟ್ಟಡದ ಗಾಳಿಯ ಲೆಕ್ಕ ತಪ್ಪುತ್ತದೆ. ಒಳಗೂ ಹೊರಗೂ ಉಷ್ಣತೆ ಬೇರೆಯಾದಾಗ ಎತ್ತರದ ಕಟ್ಟಡದೊಳಗೆ ಗಾಳಿ ತಾನಾಗಿಯೇ ಮೇಲಕ್ಕೋ ಕೆಳಕ್ಕೋ ಹರಿಯುತ್ತಿರುತ್ತದೆ, ನೀವು ಕೇಳಿದ ಲಿಫ್ಟ್ ಬಾಗಿಲಿನ ಸಿಳ್ಳೆಯಂಥ ಸದ್ದಿಗೆ ಹೆಚ್ಚಾಗಿ ಅದೇ ಕಾರಣ. ಮಕ್ಕಳು ಬೀಳುವ ಅಪಾಯವನ್ನಂತೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಗಾಳಿ ಕೋಣೆಗೆ ಬಾರದೆ ಇರುವುದಿಲ್ಲ. ಯಂತ್ರಗಳು ಅದನ್ನು ಎಳೆದು, ಸೋಸಿ, ತಂಪುಮಾಡಿ ಚಾವಣಿಯ ಕೊಳವೆಗಳಿಂದ ಬಿಡುತ್ತವೆ. ನಿಮ್ಮ ತಾಯಿಗೆ ಉಸಿರು ಕಟ್ಟಿದಂತಾದದ್ದು ಗಾಳಿಯಿಲ್ಲದೆ ಅಲ್ಲ, ಬಹುಶಃ ಮುಖಕ್ಕೇ ಬೀಸುತ್ತಿದ್ದ ಒಣ ತಂಪಿನಿಂದ. ಗೋಡೆಯ ಮೇಲಿನ ಚಿಕ್ಕ ಫಲಕದಲ್ಲಿ ಉಷ್ಣತೆಯನ್ನು ಇಪ್ಪತ್ತಾರಕ್ಕೆ ಏರಿಸಿ ಬೀಸುವ ವೇಗ ತಗ್ಗಿಸಿದ್ದರೆ, ಹಾಸಿಗೆಯನ್ನು ಆ ಗಾಳಿ ಬೀಳದ ಕಡೆಗೆ ಸರಿಸಿಕೊಟ್ಟಿದ್ದರೆ ಅವರು ನಿದ್ದೆ ಮಾಡುತ್ತಿದ್ದರೇನೋ. ಅರ್ಧರಾತ್ರಿಯಲ್ಲಿ ಫೋನ್ ಎತ್ತಿದರೂ ಒಬ್ಬರು ಬಂದು ಇಷ್ಟು ಮಾಡಿಕೊಡಲೇಬೇಕು. ನೀವು ‘ಯಾಕ ತ್ರಾಸು ಕೊಡೂದು’ ಎಂದು ಫೋನ್ ಮಾಡಲಿಲ್ಲವೆಂದು ಬರೆದಿದ್ದೀರಿ. ಆ ಸಂಕೋಚವನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ನೀವು ಕೇಳದೆ ಇರುವ ಒಂದು ವಿಷಯವನ್ನು ನಾನಾಗಿಯೇ ಎತ್ತುತ್ತೇನೆ. ಮಂಡಿನೋವಿನ ತಾಯಿಯನ್ನು ಹತ್ತೊಂಬತ್ತನೇ ಮಹಡಿಯಲ್ಲಿ ಇರಿಸಿದ್ದು ನಿಮ್ಮ ಮಗನ ಪ್ರೀತಿ. ಮೇಲಿನ ಮಹಡಿಯ ನೋಟಕ್ಕೆ ಹೆಚ್ಚು ಬೆಲೆ ಎಂಬುದರಿಂದ ಅದೇ ಒಳ್ಳೆಯದೆಂದು ಅವನು ಎಣಿಸಿದ. ಆದರೆ ಬೆಂಕಿ ಬಿದ್ದರೆ ಲಿಫ್ಟ್ ಬಳಸುವಂತಿಲ್ಲ, ಮುನ್ನೂರೈವತ್ತಕ್ಕೆ ಕಡಿಮೆಯಿಲ್ಲದಷ್ಟು ಮೆಟ್ಟಿಲು ಇಳಿಯಬೇಕು. ಗಂಗಾವತಿ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ನೆನೆದರೆ ಅದರ ಅರ್ಧಕ್ಕೂ ಹೆಚ್ಚನ್ನು ಹೊಗೆಯಲ್ಲಿ ಇಳಿದಂತೆ. ಲಾಸ್ ವೇಗಸ್ಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 1980ರ ನವೆಂಬರ್ 21ರಂದು ಬೆಂಕಿ ಹೊತ್ತಿದ್ದು ನೆಲಮಹಡಿಯಲ್ಲಿ. ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಬಹಳ ಮೇಲಿನ ಮಹಡಿಗಳಲ್ಲಿದ್ದವರು, ಅವರನ್ನು ಕೊಂದದ್ದು ಲಿಫ್ಟಿನ ಬಾವಿ ಮತ್ತು ಮೆಟ್ಟಿಲುಗಳ ಮೂಲಕ ಏರಿದ ಹೊಗೆ. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಜನ ಸತ್ತರು. ಹೆದರಿಸಲು ಇದನ್ನು ಬರೆಯುತ್ತಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕೂ ಎತ್ತರದ ಕಟ್ಟಡವೆಲ್ಲ ಬಹುಮಹಡಿಯೇ, 24 ಮೀಟರಿಗೂ ಎತ್ತರದವುಗಳಲ್ಲಿ ಜನ ತಂಗಿ ಕಾಯಲು ಸುರಕ್ಷಿತ ಜಾಗವನ್ನು ಬಿಡಬೇಕು. ಕೋಣೆಯ ಬಾಗಿಲ ಹಿಂದೆ ಅಂಟಿಸಿರುವ ನಕ್ಷೆ ಹೊರಬೀಳುವ ದಾರಿ ತೋರಿಸಲೆಂದೇ ಇದೆ. ಹೋದ ತಕ್ಷಣ ಹೊರಗೆ ಬಂದು, ಮೆಟ್ಟಿಲ ಬಾಗಿಲಿಗೆ ಮುಟ್ಟುವವರೆಗೆ ನಡುವೆ ಎಷ್ಟು ಕೋಣೆಗಳ ಬಾಗಿಲಿವೆ ಎಂದು ಎಣಿಸಿಕೊಳ್ಳಿ, ಹೊಗೆ ತುಂಬಿದಾಗ ಗೋಡೆ ತಡವಿಕೊಂಡು ಹೋಗಲು ಆ ಎಣಿಕೆಯೊಂದೇ ದಾರಿ. ವಯಸ್ಸಾದವರು ಜೊತೆಯಲ್ಲಿದ್ದರೆ ನೋಟ ಬಿಟ್ಟು ಕೆಳಗಿನ ಮಹಡಿಯನ್ನೇ ಕೇಳಿ ಪಡೆಯಿರಿ. ಪ್ರವಾಸೋದ್ಯಮ ಸಚಿವಾಲಯದಿಂದ ನಕ್ಷತ್ರದ ದರ್ಜೆ ಪಡೆದ ಹೋಟೆಲಿನಲ್ಲಿ ವಿಶೇಷಚೇತನರಿಗೆ ತಕ್ಕ ಕೋಣೆಯೂ ಇರಬೇಕು. ಹಿಡಿದುಕೊಳ್ಳಲು ಸರಳುಗಳಿರುವ ಬಚ್ಚಲು ನಿಮ್ಮ ತಾಯಿಗೆ ಮಹಡಿಯ ಎತ್ತರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಹಣದ ವಿಷಯದಲ್ಲಿ ನಿಮ್ಮ ಸಿಟ್ಟು ಸ್ವಲ್ಪ ಸರಿ, ಸ್ವಲ್ಪ ತಪ್ಪು. ಹತ್ತು ಸಾವಿರವನ್ನು ಅವರು ತೆಗೆದುಕೊಂಡಿಲ್ಲ, ಊಟ-ತಿಂಡಿಯ ಬಾಕಿ ಉಳಿದರೆ ಇರಲಿ ಎಂದು ತಡೆಹಿಡಿದಿದ್ದಾರೆ. ಕ್ರೆಡಿಟ್ ಕಾರ್ಡಾದರೆ ಮಿತಿ ಕಡಿಮೆಯಾಗುತ್ತದೆ ಅಷ್ಟೇ, ಡೆಬಿಟ್ ಕಾರ್ಡಾದರೆ ಖಾತೆಯ ಹಣವೇ ಕೈಗೆ ಸಿಗದಂತಾಗುತ್ತದೆ, ಬಿಡುಗಡೆಯಾಗಿ ಮರಳಲು ಬ್ಯಾಂಕು ಕೆಲವು ದಿನ ತೆಗೆದುಕೊಳ್ಳುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಅದು ತಿಂಗಳ ಕಿರಾಣಿಯ ಹಣ, ಆದ್ದರಿಂದ ಅದನ್ನು ಮೊದಲೇ ಹೇಳದಿದ್ದುದು ಹೋಟೆಲಿನ ದೊಡ್ಡ ಲೋಪ. ಗೋಡಂಬಿಯ ಬೆಲೆ ಪೊಟ್ಟಣದ ಮೇಲೆ ಮುದ್ರಿಸಿದ್ದಕ್ಕಿಂತ ಹೆಚ್ಚೆಂದು ಬರೆದಿದ್ದೀರಿ. ಹೋಟೆಲುಗಳು ಬಾಟಲಿ ನೀರನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲೇ ಹೇಳಿರುವುದರಿಂದ ಆ ವಾದ ನಿಲ್ಲುವುದು ಕಷ್ಟ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇಕಡಾ 18 ಜಿಎಸ್‌ಟಿ ಇರುವುದೂ ಸರಿಯಾದ ಲೆಕ್ಕವೇ. ಸೇವಾ ಶುಲ್ಕದ ಮಾತು ಮಾತ್ರ ಬೇರೆ. ಅದನ್ನು ಕೇಳದೆಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದರೂ ತೆಗೆಯದಿದ್ದರೆ 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ.

ನಿಮ್ಮ ಪತ್ರದ ನಡುವೆ ಅಡಗಿ ಕೂತಿರುವ ಮೂರು ಸಾಲುಗಳಿವೆ. ಎರಡನೇ ದಿನ ಕೋಣೆ ಗುಡಿಸಲು ಬಂದ ಹುಡುಗಿ ನಿಮ್ಮ ತಾಯಿಯ ಮಾತು ಕೇಳಿ, ‘ಅಮ್ಮಾ, ನೀವು ನಮ್ ಕಡೇರೇನು?’ ಎಂದಳು, ಲಿಂಗಸುಗೂರು ಕಡೆಯವಳಂತೆ. ಬಚ್ಚಲಿನ ಒಂಟಿ ಹಿಡಿಕೆಯ ನಲ್ಲಿಯನ್ನು ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣಗೆ ಎಂದು ತಾಯಿಯ ಕೈಯನ್ನೇ ಹಿಡಿದು ಎರಡು ಸಲ ತಿರುಗಿಸಿ ತೋರಿಸಿದಳು, ಮಂಚದ ಪಕ್ಕ ಒಂದು ಸಣ್ಣ ದೀಪ ಉರಿಯುವಂತೆ ಮಾಡಿ ಹೋದಳು. ಆ ಹೋಟೆಲಿನಲ್ಲಿ ನಿಮಗೆ ದೊರೆತ ಆತಿಥ್ಯ ಅಷ್ಟೂ ಅವಳಿಂದ ದೊರೆತದ್ದು, ಅವಳಿಗೆ ಅದನ್ನು ಯಾರೂ ಕೆಲಸವೆಂದು ವಹಿಸಿರಲಿಕ್ಕಿಲ್ಲ. ರಿಸೆಪ್ಷನ್ನಿನಲ್ಲಿ ನಿಂತವರು ಮೊದಲ ಹತ್ತು ನಿಮಿಷ ಇದನ್ನೇ ಮಾಡಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಬಳ್ಳಾರಿ, ಹೊಸಪೇಟೆಗಳಲ್ಲಿ ಹೋಟೆಲ್ ನಡೆಸುವವರೂ ಇದನ್ನು ಓದುತ್ತಾರೆಂದು ಬಲ್ಲೆ. ಕಾರ್ಡ್, ನಲ್ಲಿ, ಎ.ಸಿ., ತಡೆಹಿಡಿಯುವ ಹಣ, ಮೆಟ್ಟಿಲು – ಈ ಐದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲು ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಿದರೆ ಖರ್ಚು ಹೆಚ್ಚೇನೂ ಬರದು. ದಯವಿಟ್ಟು ನಿಮ್ಮ ದೂರನ್ನು ಹೋಟೆಲಿಗೆ ಕಳಿಸುವಾಗ ಆ ಹುಡುಗಿಯ ಒಳ್ಳೆಯತನವನ್ನೂ ಒಂದು ಪ್ರತ್ಯೇಕ ಪತ್ರದಲ್ಲಿ ಬರೆದು ಕಳಿಸಿ. ಒಂದೇ ಹಾಳೆಯಲ್ಲಿ ಬರೆದರೆ ದೂರಿನ ವಿಚಾರಣೆಗೆ ಅವಳನ್ನೂ ಕರೆದಾರು.

ಇನ್ನು ಹೆಸರು ಹಾಕುವ ಪ್ರಶ್ನೆ. ಸದ್ಯಕ್ಕೆ ಹಾಕುವುದಿಲ್ಲ, ಏಕೆಂದರೆ ನಾನು ಕೇಳಿರುವುದು ಒಂದು ಕಡೆಯ ಮಾತು ಮಾತ್ರ. ಸೊಕ್ಕು, ಮರ್ಯಾದೆಯಿಲ್ಲದ ನಡತೆ ಎಂಬ ಪದಗಳಿಗೆ ಅವರು ಸುಲಭವಾಗಿ ಇಲ್ಲವೆಂದುಬಿಡುತ್ತಾರೆ, ಆದರೆ ಯಾವ ದಿನ, ಯಾವ ಹೊತ್ತಿಗೆ, ಯಾವ ಮೇಜಿನಲ್ಲಿ, ಏನು ಕೇಳಿದಿರಿ, ಏನೆಂದರು ಎಂದು ಬರೆದರೆ ಉತ್ತರಿಸಲೇಬೇಕಾಗುತ್ತದೆ. ಹಾಗೆ ಬರೆದ ದೂರನ್ನು ಮೊದಲು ಹೋಟೆಲಿನ ಮುಖ್ಯ ವ್ಯವಸ್ಥಾಪಕರಿಗೆ ಕಳಿಸಿ, ಒಂದು ಪ್ರತಿಯನ್ನು ನಮಗೂ ಕಳಿಸಿ. ಅವರ ಉತ್ತರ ಬಂದರೆ ಎರಡನ್ನೂ ಹೆಸರಿನ ಸಮೇತ ಅಕ್ಕಪಕ್ಕದಲ್ಲಿ ಪ್ರಕಟಿಸುತ್ತೇನೆ, ಒಂದು ತಿಂಗಳಲ್ಲಿ ಬಾರದಿದ್ದರೆ ಬರಲಿಲ್ಲವೆಂದೇ ಪ್ರಕಟಿಸುತ್ತೇನೆ. ಜೊತೆಗೆ ಕೋಣೆಯ ಬಿಲ್ಲು, ಊಟದ ಬಿಲ್ಲು ಮತ್ತು ಆ ಹತ್ತು ಸಾವಿರ ಹಿಡಿದಾಗ ನಿಮ್ಮ ಮೊಬೈಲಿಗೆ ಬಂದ ಸಂದೇಶದ ಪ್ರತಿ ಇರಲಿ, ಕಾರ್ಡಿನ ಸಂಖ್ಯೆಯನ್ನು ಮಾತ್ರ ಅಳಿಸಿ ಕಳಿಸಿ.

– ಸಂಪಾದಕ