ಊಟ ಬೇಡ ಅನ್ನುವ ಮಗು, ತಟ್ಟೆ ಹಿಡಿದು ಓಡುವ ಅಮ್ಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಮೊಬೈಲ್ ಇಲ್ಲದೆ ಒಂದು ತುತ್ತೂ ಒಳಗೆ ಹೋಗಲ್ಲ. ಮೊಬೈಲ್ ಕೊಟ್ಟರೂ ಊಟ ಮುಗಿಯಲು ಒಂದು ಗಂಟೆ ಬೇಕು, ತಟ್ಟೆ ಹಿಡಿದು ಗೇಟಿನ ತನಕ ಅವಳ ಹಿಂದೆ ಓಡಬೇಕು. ಹಾಲು ಮಾತ್ರ ಖುಷಿಯಿಂದ ಕುಡಿಯುತ್ತಾಳೆ, ದಿನಕ್ಕೆ ಮೂರು ಲೋಟ, ರಾತ್ರಿ ಮಲಗುವಾಗ ಬಾಟಲಿಯಲ್ಲಿ ಇನ್ನೊಂದು ಸಲ. ತೂಕ 10.8 ಕೆಜಿ. ಮೊದಲ ವರ್ಷ ಗುಂಡುಗುಂಡಗೆ ಇದ್ದಳು. ‘ಇವಳಿಗೆ ತಿನ್ನಿಸೋ ತಾಳ್ಮೆ ಇಲ್ಲ, ಅದಕ್ಕೇ ಮಗು ಸೊರಗಿದೆ’ ಅಂತ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ. ಹಸಿವು ಹೆಚ್ಚಿಸುವ ಟಾನಿಕ್ ಇದ್ದರೆ ತಿಳಿಸಿ.
ಹೆಸರು ಬೇಡ, ದಾವಣಗೆರೆ

ಉತ್ತರ: ಟಾನಿಕ್ ಬೇಡ. ಹಸಿವಿನ ಟಾನಿಕ್ ಅಂತ ಮಾರುವ ಎಷ್ಟೋ ಬಾಟಲಿಗಳಲ್ಲಿ ಸಿಪ್ರೊಹೆಪ್ಟಡಿನ್ ಅನ್ನುವ ಔಷಧಿ ಇರುತ್ತದೆ. ಅದು ಅಲರ್ಜಿಗೆ ಕೊಡುವ ಔಷಧಿ, ಮಗುವಿಗೆ ಮಂಪರು ಬರಿಸುತ್ತದೆ. ಡಾಕ್ಟರ್ ನೋಡಿ ಬರೆದುಕೊಡದೆ ಅದನ್ನು ಮೆಡಿಕಲ್ ಶಾಪಿನಿಂದ ತರಬೇಡಿ.

ನಿಮ್ಮ ಮಗಳು ಸೊರಗಿಲ್ಲ. ನಿಮ್ಮ ತಾಯಿ ಕಾರ್ಡ್ ತೆಗೆದು ಬೆಳವಣಿಗೆಯ ಪಟ್ಟಿ ನೋಡಿ. ಈ ವಯಸ್ಸಿನ ಹೆಣ್ಣು ಮಗುವಿಗೆ 10.8 ಕೆಜಿ ಹಸಿರು ಬಣ್ಣದ ಒಳಗೇ ಬರುತ್ತದೆ. ಕಾರ್ಡ್ ಕಳೆದಿದ್ದರೆ ಅಂಗನವಾಡಿಗೆ ಹೋಗಿ ತೂಕ ಹಾಕಿಸಿ, ಅಲ್ಲಿಯೇ ಗುರುತು ಹಾಕಿ ತೋರಿಸುತ್ತಾರೆ. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಸೊಸೆ ಬಾಯಲ್ಲಿ ಕೇಳುವುದಕ್ಕೂ ಅಂಗನವಾಡಿ ಟೀಚರ್ ಬೆರಳಿಟ್ಟು ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಇನ್ನು ಹಸಿವಿನ ವಿಷಯ. ಮೂರು ಕೆಜಿ ಇರುವ ಕೂಸು ಒಂದು ವರ್ಷಕ್ಕೆ ಸುಮಾರು ಒಂಬತ್ತು ಕೆಜಿ ಆಗುತ್ತದೆ, ಅಂದರೆ ಆ ಒಂದೇ ವರ್ಷದಲ್ಲಿ ಆರು ಕೆಜಿ ಏರುತ್ತದೆ. ಎರಡನೇ ವರ್ಷ ಏರುವುದು ಎರಡೂವರೆಯಿಂದ ಮೂರು ಕೆಜಿ. ಆಮೇಲೆ ಶಾಲೆಗೆ ಸೇರುವ ತನಕ ವರ್ಷಕ್ಕೆ ಎರಡು ಕೆಜಿ ಅಷ್ಟೇ. ಬೆಳೆಯುವ ವೇಗ ಅರ್ಧಕ್ಕಿಂತ ಕಡಿಮೆ ಆದಮೇಲೆ ಹಸಿವೂ ಇಳಿಯಲೇಬೇಕು. ಎಂಟು ತಿಂಗಳಲ್ಲಿ ಬಟ್ಟಲು ಖಾಲಿ ಮಾಡುತ್ತಿದ್ದ ಮಗು ಎರಡು ವರ್ಷಕ್ಕೆ ನಾಲ್ಕು ತುತ್ತಿಗೇ ಮುಖ ತಿರುಗಿಸಿದರೆ ಅದು ಹಟವೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಇದನ್ನು ಯಾರೂ ಅಮ್ಮಂದಿರಿಗೆ ಮೊದಲೇ ಹೇಳಿಕೊಡುವುದಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಊರಿನ ಅರ್ಧ ಜಗಳ ಈ ತಟ್ಟೆಯ ಸುತ್ತಲೇ ನಡೆಯುತ್ತಿದೆ.

ಮೊದಲು ಸರಿಮಾಡಬೇಕಾದದ್ದು ಹಾಲು. ಮೂರು ಲೋಟ ಮತ್ತು ಒಂದು ಬಾಟಲಿ ಅಂದರೆ 700, 800 ಎಂಎಲ್ ಆಗಿಯೇ ಆಗುತ್ತದೆ. ಅಷ್ಟು ಹಾಲು ಕುಡಿದ ಪುಟ್ಟ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗ ಎಲ್ಲಿದೆ? ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗುವಿಗೆ ರಕ್ತ ಕಡಿಮೆ ಆಗುತ್ತದೆ, ರಕ್ತ ಕಡಿಮೆ ಆದರೆ ಹಸಿವು ಇನ್ನೂ ಕಡಿಮೆ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು, ನಮ್ಮ ರಾಜ್ಯದ ಲೆಕ್ಕವೂ ಅದರ ಹತ್ತಿರವೇ ಇದೆ. ಆದ್ದರಿಂದ ಹಾಲು ದಿನಕ್ಕೆ ಎರಡು ಚಿಕ್ಕ ಲೋಟಕ್ಕೆ ಇಳಿಸಿ, ಒಟ್ಟು 400ರಿಂದ 500 ಎಂಎಲ್ ಮೀರದಿರಲಿ, ಅದೂ ಊಟ ಆದಮೇಲೆ. ರಾತ್ರಿಯ ಬಾಟಲಿ ಪೂರ್ತಿ ನಿಲ್ಲಿಸಿ. ಹಾಲು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ಆಶಾ ಕಾರ್ಯಕರ್ತೆಯ ಹತ್ತಿರ ಕಬ್ಬಿಣದ ಸಿರಪ್ ಕೇಳಿ, ಆರು ತಿಂಗಳಿಂದ ಐದು ವರ್ಷದ ತನಕ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕೊಡುವ ಯೋಜನೆ ಇದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಜಂತುಹುಳುವಿನ ಮಾತ್ರೆಯನ್ನೂ ಅಲ್ಲೇ ಉಚಿತವಾಗಿ ಕೊಡುತ್ತಾರೆ, ಅದು ಕೊಟ್ಟಿದ್ದಾರಾ ಅಂತಲೂ ವಿಚಾರಿಸಿ.

ಮೊಬೈಲ್ ಬಿಡಿಸುವುದಕ್ಕೆ ನಯವಾದ ಉಪಾಯ ಯಾವುದೂ ಇಲ್ಲ. ಮೊಬೈಲ್ ನೋಡುವ ಮಗುವಿಗೆ ಬಾಯಿ ತೆರೆದದ್ದೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನವಿಡೀ ಸೇರಿ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿಮ್ಮ ಮಗಳ ಆ ಒಂದು ಗಂಟೆ ಒಂದೇ ಊಟಕ್ಕೆ ಮುಗಿದುಹೋಗುತ್ತಿದೆ. ಊಟದ ಹೊತ್ತಿಗೆ ಮನೆಯ ಎಲ್ಲರ ಫೋನೂ ಬೀರು ಒಳಗೆ ಹೋಗಲಿ, ನಿಮ್ಮ ಯಜಮಾನರದ್ದು ಕೂಡ. ಟಿವಿಯೂ ಆರಲಿ. ಮೊದಲ ಕೆಲವು ದಿನ ಅಳುತ್ತಾಳೆ, ಚೆನ್ನಾಗಿಯೇ ಅಳುತ್ತಾಳೆ, ಒಂದೆರಡು ಊಟ ಪೂರ್ತಿ ಬಿಟ್ಟೂಬಿಡಬಹುದು. ಗೆಲುವಾಗಿ ಆಡಿಕೊಂಡಿರುವ ಮಗು ಒಂದು ಹೊತ್ತು ಕಡಿಮೆ ತಿಂದರೆ ಏನೂ ಆಗುವುದಿಲ್ಲ. ಆ ಹೊತ್ತಲ್ಲಿ ‘ಪಾಪ’ ಅಂತ ಬಿಸ್ಕತ್ತು ಕೊಟ್ಟರೆ ಮಾತ್ರ ಮಾಡಿದ್ದೆಲ್ಲ ನೀರಲ್ಲಿ ಹೋಮ.

ನೆಲಕ್ಕೆ ಹಳೇ ಸೀರೆ ಹಾಸಿ ಎಲ್ಲರ ಜೊತೆ ಕೂರಿಸಿ. ಅವಳದೇ ಪುಟ್ಟ ತಟ್ಟೆಯಲ್ಲಿ ಎರಡು ಚಮಚದಷ್ಟು ಬೇಳೆ ಸಾರಿನ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಬೆಂದ ಕ್ಯಾರೆಟ್ ತುಂಡು, ರಾಗಿ ಮುದ್ದೆ ಮಾಡಿದ ದಿನ ಗೋಲಿಯಷ್ಟು ಚಿಕ್ಕ ಉಂಡೆಗಳು ಸಾರಿನಲ್ಲಿ ಅದ್ದಿದ್ದು. ಅಷ್ಟು ಸಾಕು, ಖಾಲಿ ಮಾಡಿ ಇನ್ನೂ ಬೇಕು ಅಂತ ಕೇಳಲಿ. ಕೈಯಲ್ಲಿ ಕಲಸಲಿ, ಮೂಗಿಗೆ ಮೆತ್ತಿಕೊಳ್ಳಲಿ, ಸುಮ್ನೆ ಬಿಡಿ. ಇಪ್ಪತ್ತೈದು ಮೂವತ್ತು ನಿಮಿಷ ಆದಮೇಲೆ ತಟ್ಟೆ ಎತ್ತಿಬಿಡಿ, ಬೈಗುಳವೂ ಬೇಡ, ಬೇಡಿಕೊಳ್ಳುವುದೂ ಬೇಡ. ಮುಂದಿನದು ಎರಡೂವರೆ ಮೂರು ಗಂಟೆ ಬಿಟ್ಟು. ಏನು ಕೊಡಬೇಕು, ಯಾವಾಗ, ಎಲ್ಲಿ ಅನ್ನುವುದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವಳ ಕೆಲಸ. ಎಲೆನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಈ ಮಾತನ್ನು ಹೇಳಿದವರು, ನಮ್ಮ ಮನೆಗಳಿಗೂ ಇದು ಸರಿಯಾಗಿ ಹೊಂದುತ್ತದೆ ಅಂತ ನನಗೆ ಪೂರ್ತಿ ನಂಬಿಕೆ ಇದೆ.

ಅತ್ತೆಯವರನ್ನು ದೂರ ಇಡಬೇಡಿ. ಸಂಜೆ ಅಕ್ಕಪಕ್ಕದ ಮಕ್ಕಳನ್ನೂ ಕೂರಿಸಿಕೊಂಡು ಕೈತುತ್ತು ಹಾಕಲು ಅವರಿಗೇ ಹೇಳಿ. ಸುತ್ತ ಕೂತ ನಾಲ್ಕು ಮಕ್ಕಳು ತಮ್ಮ ಸರದಿಗೆ ಕೈ ಚಾಚುವಾಗ ಇವಳೂ ಚಾಚುತ್ತಾಳೆ. ಅದು ಹಿಂದೆ ಓಡಿ ತುರುಕುವ ಊಟ ಅಲ್ಲ, ಮಗುವೇ ಕೇಳಿ ತಿನ್ನುವ ಊಟ. ಬಂದವರ ಮುಂದೆ ನಿಮ್ಮನ್ನು ಆಡಿಕೊಳ್ಳುವ ವಿಷಯವನ್ನು ಮಾತ್ರ ನಿಮ್ಮ ಯಜಮಾನರೇ ಅವರ ಅಮ್ಮನ ಹತ್ತಿರ ಮಾತಾಡಬೇಕು, ನೀವಲ್ಲ.

ತೂಕ ಸತತವಾಗಿ ಇಳಿದರೆ, ಮಗು ಬಿಳಿಚಿಕೊಂಡರೆ, ಮಣ್ಣು, ಸುಣ್ಣ ತಿನ್ನಲು ಶುರು ಮಾಡಿದರೆ, ನುಂಗಲು ಕಷ್ಟಪಟ್ಟರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಮಗುವಿಗೆ ನಾಲ್ಕು ತಿಂಗಳು. ಅಜ್ಜಿ ದಿನಾ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುತ್ತಾರೆ, ಮಾತು ಚುರುಕಾಗುತ್ತದಂತೆ. ಬಿಸಿಲು ಜಾಸ್ತಿ ಅಂತ ಕುದಿಸಿ ಆರಿಸಿದ ನೀರೂ ಕುಡಿಸುತ್ತಾರೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಏನು ಮಾಡಲಿ?
ಒಬ್ಬ ಓದುಗಳು, ರಾಯಚೂರು

ಉತ್ತರ: ಅಜ್ಜಿ ನೊಂದುಕೊಂಡರೂ ಪರವಾಗಿಲ್ಲ, ಇವತ್ತೇ ನಿಲ್ಲಿಸಿ. ಜೇನಿನಲ್ಲಿ ಬಾಟುಲಿಸಂ, ಅಂದರೆ ಮೈಯ ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ, ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರಿಗೆ ಅದರಿಂದ ತೊಂದರೆ ಇಲ್ಲ, ಒಂದು ವರ್ಷದ ಒಳಗಿನ ಕೂಸಿನ ಕರುಳಿನಲ್ಲಿ ಮಾತ್ರ ಅವು ಮೊಳೆತು ವಿಷ ಬಿಡುತ್ತವೆ. ಮನೆ ಜೇನು, ಕಾಡು ಜೇನು, ಬಿಸಿ ಮಾಡಿದ ಜೇನು, ಯಾವುದಕ್ಕೂ ವಿನಾಯಿತಿ ಇಲ್ಲ. ಮಲಬದ್ಧತೆ, ಅಳುವ ದನಿ ಸಣ್ಣಗಾಗುವುದು, ಹಾಲು ಚೀಪಲು ಶಕ್ತಿ ಸಾಲದಿರುವುದು, ಕೈಕಾಲು ಜೋತುಬೀಳುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಜೇನು ಕೊಟ್ಟದ್ದನ್ನೂ ಹೇಳಿ. ಬಜೆಯೂ ಬೇಡ. ಮಾತು ಬರುವುದು ಜೊತೆಯವರು ಮಾತಾಡಿದರೆ, ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ದಿನಾ ಮಾತಾಡಿಸಲಿ.

ರಾಯಚೂರಿನ ಬಿಸಿಲಿಗೂ ಆರು ತಿಂಗಳ ತನಕ ಎದೆಹಾಲೇ ಸಾಕು, ಅದರಲ್ಲಿ ಹೆಚ್ಚಿನ ಪಾಲು ನೀರೇ. ನೀರು ಬೇಕಾಗಿರುವುದು ನಿಮಗೆ. ಬಾಣಂತಿ ಅಂತ ನೀರು ಕಡಿಮೆ ಕೊಡುತ್ತಿದ್ದರೆ ಆ ಮಾತಿಗೆ ಕಿವಿಗೊಡಬೇಡಿ, ಬಾಯಾರಿದಾಗೆಲ್ಲ ಕುಡಿಯಿರಿ.

ಪ್ರಶ್ನೆ: ಹೆಂಡತಿ ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ನಂದು ಸೆಕೆಂಡ್ ಶಿಫ್ಟ್. ಏಳು ತಿಂಗಳ ಮಗನಿಗೆ ಬೆಳಿಗ್ಗೆ ರಾಗಿ ಸರಿ ತಿನ್ನಿಸುವುದು ನಾನೇ. ಗಂಟಲಿಗೆ ಸಿಕ್ಕೀತು ಅಂತ ನೀರಿನ ಹಾಗೆ ಮಾಡುತ್ತೇನೆ. ಸರಿನಾ?
ಮಗನ ಅಪ್ಪ, ಪೀಣ್ಯ, ಬೆಂಗಳೂರು

ಉತ್ತರ: ನೀವು ಮಾಡುತ್ತಿರುವುದು ಬಹಳ ಒಳ್ಳೆಯ ಕೆಲಸ, ಸರಿಯನ್ನು ಸ್ವಲ್ಪ ಗಟ್ಟಿ ಮಾಡಿ ಅಷ್ಟೇ. ಚಮಚ ಓರೆ ಮಾಡಿದರೆ ತಕ್ಷಣ ಸುರಿದುಹೋಗಬಾರದು. ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಪುಡಿ ಮಾಡಿಸಿ ಜರಡಿ ಹಿಡಿದರೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಮೆತ್ತಗೇ ಇರುತ್ತದೆ, ಕಬ್ಬಿಣದ ಅಂಶವೂ ಚೆನ್ನಾಗಿ ಮೈಗೆ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಒಂದು ಚಮಚ ತುಪ್ಪ ಹಾಕಿ. ಒಂದು ವರ್ಷದ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ದಿನಾ ರಾಗಿ ಒಂದನ್ನೇ ಕೊಡಬೇಡಿ, ಬೇಳೆ, ಕಿವುಚಿದ ಬಾಳೆಹಣ್ಣು, ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆಯೂ ಇರಲಿ. ಮಲಗಿಸಿ ತಿನ್ನಿಸಬೇಡಿ, ನೆಟ್ಟಗೆ ಕೂರಿಸಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ಕಡಲೆಬೀಜ ಇಷ್ಟ. ಕೊಡಬಹುದಾ?
ಒಬ್ಬರು ಅಜ್ಜ, ಚಳ್ಳಕೆರೆ

ಉತ್ತರ: ಇಡೀ ಬೀಜ ಬೇಡ, ಚಿಕ್ಕಿಯೂ ಬೇಡ, ಐದು ವರ್ಷ ತುಂಬಲಿ. ನಗುವಾಗಲೋ ಓಡುವಾಗಲೋ ಶ್ವಾಸನಾಳಕ್ಕೆ ಜಾರುವ ವಸ್ತುಗಳಲ್ಲಿ ಕಡಲೆಬೀಜ ಮುಖ್ಯವಾದದ್ದು. ಚಟ್ನಿಪುಡಿ ಮಾಡಿ ಅನ್ನಕ್ಕೆ ಕಲಸಿಕೊಡಿ, ನುಣ್ಣಗೆ ಪುಡಿ ಮಾಡಿ ಬೆಲ್ಲ ಸೇರಿಸಿ ಮೆತ್ತಗಿನ ಉಂಡೆ ಕಟ್ಟಿಕೊಡಿ, ಧಾರಾಳವಾಗಿ ತಿನ್ನಲಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಏನಾದರೂ ಸಿಕ್ಕಿಕೊಂಡರೂ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದೆ ಬಾಯೊಳಗೆ ಬೆರಳು ಹಾಕಬೇಡಿ. ಕೆಮ್ಮಲೂ ಆಗುತ್ತಿಲ್ಲ ಅಂದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಮಧ್ಯೆ, ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ.