ಪ್ರೀತಿಸಬೇಕೆಂದು ಆಜ್ಞೆ ಮಾಡಲು ಸಾಧ್ಯವೇ?

ಪ್ರೀತಿ ತಾನಾಗಿ ಹುಟ್ಟುವ ಭಾವನೆಯಾಗಿರುವಾಗ ಕ್ರೈಸ್ತ ಧರ್ಮ ಅದನ್ನು ಆಜ್ಞೆಯಾಗಿ ವಿಧಿಸುವುದು ಹೇಗೆ ಎಂದು ನೀವು ಕೇಳಿದ್ದೀರಿ. ಕಥೋಲಿಕ ಮನೆಯಲ್ಲಿ ಹುಟ್ಟಿ ಬೆಳೆದ ನನ್ನನ್ನೂ ಈ ಪ್ರಶ್ನೆ ಬಹುಕಾಲ ಕಾಡಿದೆ.

ಆ ಆಜ್ಞೆ ಹೊರಟ ಸಂದರ್ಭವನ್ನು ಮೊದಲು ನೋಡಬೇಕು. ಬೈಬಲಿನ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಶಿಲುಬೆಗೇರುವ ಹಿಂದಿನ ರಾತ್ರಿ, ಯೇಸು ಊಟದ ನಡುವೆ ಎದ್ದು, ಮೇಲಂಗಿಯನ್ನು ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದು ಶಿಷ್ಯರ ಪಾದಗಳನ್ನು ತೊಳೆಯುತ್ತಾರೆ. ತಮ್ಮನ್ನು ಹಿಡಿದುಕೊಡಲಿದ್ದ ಯೂದನೂ ಆ ಶಿಷ್ಯರಲ್ಲಿದ್ದ. ಅದು ಯೇಸುವಿಗೆ ತಿಳಿದೂ ಇತ್ತು. ಅವನು ಎದ್ದು ಕತ್ತಲಿಗೆ ಹೊರಟುಹೋದ ಮೇಲೆಯೇ, ನಾನು ನಿಮ್ಮನ್ನು ಪ್ರೀತಿಸಿದಂತೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಮಾತು ಬರುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ವಿಧಿ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಮೊದಲೇ ಇತ್ತು. ಇಲ್ಲಿ ಹೊಸದು 'ನಾನು ಪ್ರೀತಿಸಿದಂತೆ' ಎಂಬ ಅಳತೆ. ಆಜ್ಞೆ ಬಾಯಿಗೆ ಬರುವ ಮುಂಚೆ ಕೈಯಲ್ಲಿ ನಡೆದುಹೋಗಿತ್ತು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಇದಕ್ಕೆ ಮೂಲ ಗ್ರೀಕಿನಲ್ಲಿ ಬಳಕೆಯಾದ ಪದ 'ಅಗಾಪೆ', ಅಂದರೆ ಇತರರ ಹಿತವನ್ನು ಬಯಸುವ ಪ್ರೀತಿ. ಮೋಹದ ಪ್ರೀತಿಯನ್ನು ಸೂಚಿಸುವ 'ಎರೋಸ್' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯವನ್ನು ನಾವು ಮದುವೆಗಳಲ್ಲಿ ಓದಿಸುತ್ತೇವೆ. ಆದರೆ ಪ್ರೇಷಿತ ಪೌಲ ಅದನ್ನು ಬರೆದದ್ದು ಪಂಗಡಗಳಾಗಿ ಒಡೆದು ಜಗಳವಾಡುತ್ತಿದ್ದ ಸಭೆಗೆ. ಪ್ರೀತಿಯೆಂದರೇನೆಂದು ಹೇಳಲು ಆತ ಅಲ್ಲಿ ಸಾಲಾಗಿ 15 ಕ್ರಿಯಾಪದಗಳನ್ನು ಬಳಸುತ್ತಾನೆ. ಅವುಗಳಲ್ಲೊಂದು ವ್ಯಾಪಾರದ ಲೆಕ್ಕಪತ್ರದಿಂದ ಬಂದದ್ದು: ಪ್ರೀತಿ ಅಪಕಾರವನ್ನು ಲೆಕ್ಕದಲ್ಲಿ ಬರೆದಿಡುವುದಿಲ್ಲ. ಭಾವನೆಯನ್ನು ಅಪ್ಪಣೆ ಮಾಡಿ ಹುಟ್ಟಿಸಲಾಗದು, ನಿಜ; ಲೆಕ್ಕ ಬರೆಯಬೇಡ ಎಂದು ಹೇಳಬಹುದು, ಪಾದ ತೊಳೆ ಎಂದೂ ಹೇಳಬಹುದು.

ಆದರೆ ಕಷ್ಟವಾದದ್ದು ತೊಳೆಯುವುದಲ್ಲ, ತೊಳೆಸಿಕೊಳ್ಳುವುದು. ನೀವು ನನ್ನ ಪಾದ ತೊಳೆಯಲೇಕೂಡದು ಎಂದು ಶಿಷ್ಯ ಪೇತ್ರ ಅಂದು ಹಟ ಹಿಡಿದದ್ದು ನನಗೆ ಅರ್ಥವಾದದ್ದು, ಆ ರಾತ್ರಿಯನ್ನು ನೆನೆಯುವ ಒಂದು ಪವಿತ್ರ ಗುರುವಾರ ನಮ್ಮ ಊರಿನ ಚರ್ಚಿನಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬನಾದಾಗ. ಎಲ್ಲರಂತೆ ನಾನೂ ಮನೆಯಲ್ಲೇ ಸೋಪು ಹಚ್ಚಿ ಹಿಮ್ಮಡಿ ತಿಕ್ಕಿಕೊಂಡು ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದವರು ಹೊಲದ ದಾರಿಯ ವಿಚಾರವಾಗಿ ನಾಲ್ಕು ವರ್ಷಗಳಿಂದ ನನ್ನೊಡನೆ ಮಾತು ಬಿಟ್ಟಿದ್ದವರು. ವಯಸ್ಸಾದ ನಮ್ಮ ಗುರುಗಳು ಮೊಣಕಾಲೂರಿ, ಅವರ ಒಡೆದ ಹಿಮ್ಮಡಿಯ ಮೇಲೆ ನೀರು ಹೊಯ್ದು ಒರೆಸಿ, ಅದೇ ಒದ್ದೆ ಬಟ್ಟೆಯನ್ನು ಹಿಡಿದು ನನ್ನ ಮುಂದೆ ಬಂದರು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಎಂದು ಯೊವಾನ್ನನ ಮೊದಲ ಪತ್ರ ಹೇಳುವುದು ಈ ಸ್ಥಿತಿಯನ್ನೇ ಎಂದು ನಂಬಿದ್ದೇನೆ: ಯೋಗ್ಯತೆಯ ವಿಚಾರಣೆಯಿಲ್ಲದೆ ನಮ್ಮಿಬ್ಬರಿಗೂ ಒಂದೇ ನೀರು.

ಪಕ್ಕದಲ್ಲಿ ಕುಳಿತಿದ್ದ ಅವರ ಮೇಲೆ ನನಗೆ ಅಂದು ಮಮತೆಯೇನೂ ಉಕ್ಕಲಿಲ್ಲ. ಮರುದಿನ ಶುಭ ಶುಕ್ರವಾರ, ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಈ ವರ್ಷದಿಂದ ಗಾಡಿಯನ್ನು ನಮ್ಮ ಹೊಲದ ಬದುವಿನ ಮೇಲೇ ಹೊಡೆದುಕೊಂಡು ಹೋಗಿ ಎಂದು ಅವರಿಗೆ ಹೇಳಿದೆ.